ನಿಮಗಿದು ಗೊತ್ತೇ? ಬಾನಿನಿಂದ ಬಂದ ಅರ್ಧ ಮಾತು

ಆಟಿ ತಿಂಗಳ ಒಂದು ಸಂಜೆ. ಶಿರ್ತಾಡಿಯಲ್ಲಿ ಎದುರಿನ ಅಡಿಕೆ ತೋಟವೂ ಕಾಣದಷ್ಟು ಮಳೆ. ಟೀವಿಯಲ್ಲಿ ವಾರ್ತೆ ಓದುವವರ ಮುಖ ಮೊದಲು ಚೌಕ ಚೌಕವಾಗಿ ಒಡೆಯುತ್ತದೆ, ಆಮೇಲೆ ಮಾತು ತುಂಡು ತುಂಡಾಗುತ್ತದೆ, ಕೊನೆಗೆ ‘ಸಿಗ್ನಲ್ ಇಲ್ಲ’ ಎಂಬ ಸಾಲು ಮಾತ್ರ ಉಳಿಯುತ್ತದೆ. ವಯರು ಸಡಿಲವಾಗಿರಬೇಕು ಎಂದು ಅಂಗಿ ಒದ್ದೆ ಮಾಡಿಕೊಂಡು ಮಾಡು ಹತ್ತುವವರಿದ್ದಾರೆ. ವಯರಿನದು ತಪ್ಪಲ್ಲ. ನಮ್ಮ ಡಿಶ್ಶಿಗೆ ಬರುವ ರೇಡಿಯೋ ಅಲೆಯ ಉದ್ದ ಹೆಚ್ಚೂಕಡಿಮೆ ಎರಡೂವರೆ ಸೆಂಟಿಮೀಟರು. ಮಳೆಯ ದಪ್ಪ ಹನಿ ಅದನ್ನು ಹೀರುತ್ತದೆ, ಚದುರಿಸುತ್ತದೆ. ಸುಮಾರು 36,000 ಕಿಲೋಮೀಟರು ಆರಾಮವಾಗಿ ಬಂದ ಸಂಕೇತ ನಮ್ಮ ತಲೆಯ ಮೇಲಿನ ಕೊನೆಯ ಕೆಲವೇ ಕಿಲೋಮೀಟರುಗಳಲ್ಲಿ ಸೋತುಬಿಡುತ್ತದೆ.

ಮಳೆಯೇ ಇಲ್ಲದ ಬಿಸಿಲಿನಲ್ಲೂ ಹೀಗಾಗುವುದುಂಟು. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ, ಕೆಲವು ದಿನ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನದ ಒಳಗೆ ಕೆಲವೇ ನಿಮಿಷ ಚಿತ್ರ ಕೆಡುತ್ತದೆ. ಆ ಹೊತ್ತಿಗೆ ನಮ್ಮ ಊರಿನಿಂದ ನೋಡಿದರೆ ಸೂರ್ಯ ಉಪಗ್ರಹದ ಸರಿಯಾಗಿ ಬೆನ್ನಿಗೆ ಬಂದು ನಿಂತಿರುತ್ತಾನೆ. ಸೂರ್ಯನೂ ರೇಡಿಯೋ ಅಲೆ ಬೀರುತ್ತಾನೆ. ಅವನ ಗದ್ದಲದಲ್ಲಿ ಉಪಗ್ರಹದ ಪಿಸುಮಾತು ಮುಳುಗಿಹೋಗುತ್ತದೆ.

ಟೀವಿ ಉಪಗ್ರಹದ ಮಾತೇ ಹೀಗೆ ಮುಳುಗುವುದಾದರೆ, ಚಂದ್ರನಿಂದ, ಮಂಗಳನಿಂದ ಬರುವ ಮಾತನ್ನು ಹಿಡಿಯುವುದು ಹೇಗೆ? ಅದಕ್ಕೊಂದು ಊರಿದೆ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರು ದೂರದ ಬ್ಯಾಲಾಳು. ಬಟ್ಟಲಿನಂತೆ ತಗ್ಗಾದ ಜಾಗ. ಸುತ್ತಲಿನ ದಿಣ್ಣೆಗಳು ಊರಿನ ಮೊಬೈಲು, ರೇಡಿಯೋಗಳ ಗದ್ದಲವನ್ನು ತಡೆಯುತ್ತವೆ. ಅಲ್ಲಿ 18 ಮೀಟರಿನದೊಂದು, 32 ಮೀಟರಿನದೊಂದು ಡಿಶ್ ಇದೆ. ಇಸ್ರೋ ಇದನ್ನು 2008ರಲ್ಲಿ ಚಂದ್ರಯಾನ-1ಕ್ಕಾಗಿ ಕಟ್ಟಿತು. 32 ಮೀಟರಿನದು ನಮ್ಮ ದೇಶದಲ್ಲೇ ತಯಾರಾದದ್ದು. ನಮ್ಮ ಮಾಡಿನ ಡಿಶ್ಶಿನ ಪಕ್ಕ ಅದನ್ನು ನಿಲ್ಲಿಸಿದಂತೆ ಕಲ್ಪಿಸಿಕೊಳ್ಳಿ: ಅಂಗಳ, ಹಟ್ಟಿ, ಬಾವಿ ಎಲ್ಲ ಸೇರಿ ಅದರ ನೆರಳಿನಲ್ಲಿ.

ಅಲ್ಲಿ ಕೇಳುವವರು ಕೇಳುವುದೇನನ್ನು? ನೌಕೆ ಕಳಿಸುವ ಅಂಕಿಗಳನ್ನು ಮಾತ್ರ ಅಲ್ಲ, ಅದರ ಸ್ವರವನ್ನೂ. ಮೂಡುಬಿದಿರೆಯ ಕಡೆಯಿಂದ ಹಾರ್ನ್ ಹೊಡೆಯುತ್ತ ಬರುವ ಬಸ್ಸು ಶಿರ್ತಾಡಿ ಪೇಟೆಯಲ್ಲಿ ನಿಮ್ಮನ್ನು ದಾಟುವಾಗ ಕಣ್ಣು ಮುಚ್ಚಿಕೊಂಡು ಕೇಳಿ. ಹತ್ತಿರ ಬರುವಾಗ ಹಾರ್ನ್ ಕೀರಲು, ದಾಟಿದ ಕೂಡಲೇ ದಪ್ಪ. ಡ್ರೈವರು ಹಾರ್ನ್ ಬದಲಿಸಿಲ್ಲ. ಬಸ್ಸಿನ ವೇಗವೇ ಸ್ವರವನ್ನು ಬದಲಿಸಿದೆ. ಇದು ಡಾಪ್ಲರ್ ಪರಿಣಾಮ. ಶಾಲೆಯಲ್ಲಿ ಇದನ್ನು ಕಲಿತವರೂ ಮರೆತಿರುತ್ತಾರೆ. ಆದರೆ ಬಾಹ್ಯಾಕಾಶದ ಎಷ್ಟೋ ಬಿಕ್ಕಟ್ಟುಗಳಲ್ಲಿ ಏನಾಯಿತೆಂದು ಮೊದಲು ತಿಳಿಸುವುದು ಇದೇ. 2.2 ಗಿಗಾಹರ್ಟ್ಸ್ ಸಂಕೇತ ಕಳಿಸುವ ನೌಕೆಯ ವೇಗ ಸೆಕೆಂಡಿಗೆ ಒಂದೇ ಒಂದು ಮೀಟರು ಹೆಚ್ಚುಕಡಿಮೆಯಾದರೂ ಸ್ವರ ಸುಮಾರು 7 ಹರ್ಟ್ಸ್ ಜಾರುತ್ತದೆ. ಮನುಷ್ಯನ ನಡಿಗೆಯಷ್ಟು ಚಿಕ್ಕ ವ್ಯತ್ಯಾಸವೂ ಸಿಕ್ಕಿಬೀಳುತ್ತದೆ!

2019ರ ಸೆಪ್ಟೆಂಬರ್ 7ರ ನಸುಕಿಗೆ ಮುಂಚಿನ ಆ ಹೊತ್ತು ನೆನಪಿದೆಯೇ? ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ದೀಪ ಆರಿರಲಿಲ್ಲ. ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 30 ಕಿಲೋಮೀಟರು ಎತ್ತರದಿಂದ ಇಳಿಯತೊಡಗಿತು. 7.4 ಕಿಲೋಮೀಟರಿಗೆ ಬರುವಷ್ಟರಲ್ಲಿ ಅದರ ವೇಗ ಸೆಕೆಂಡಿಗೆ 1,683 ಮೀಟರಿನಿಂದ 146 ಮೀಟರಿಗೆ ಇಳಿದಿತ್ತು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಪರದೆಯ ಮೇಲೆ ವಿಕ್ರಮನನ್ನು ತೋರಿಸುವ ಹಸಿರು ಚುಕ್ಕೆ, ಅದು ಸಾಗಬೇಕಾದ ದಾರಿಯ ಕೆಂಪು ಗೆರೆಯಿಂದ ಪಕ್ಕಕ್ಕೆ ಸರಿಯಿತು. ಸುಮಾರು 2 ಕಿಲೋಮೀಟರು ಎತ್ತರದವರೆಗೆ ಎಲ್ಲವೂ ಲೆಕ್ಕದಂತೆ ನಡೆದು ಆನಂತರ ಸಂಪರ್ಕ ಕಡಿಯಿತೆಂದು ಇಸ್ರೋದ ಅಂದಿನ ಅಧ್ಯಕ್ಷ ಕೆ. ಶಿವನ್ ಘೋಷಿಸಿದಾಗ ಬೆಂಗಳೂರಿನ ಆ ಕೋಣೆಯ ಮೌನ ಟೀವಿಯಿಂದ ನಮ್ಮ ಚಾವಡಿಗೂ ಇಳಿದು ಬಂತು.

ಅದೇ ಹೊತ್ತಿಗೆ ಸಾವಿರಾರು ಕಿಲೋಮೀಟರು ದೂರದಲ್ಲಿ ಇನ್ನೊಂದು ಕಿವಿಯೂ ತೆರೆದಿತ್ತು ಎಂಬುದು ಗೊತ್ತೇ? ನೆದರ್‌ಲ್ಯಾಂಡ್ಸಿನ ಡ್ವಿಂಗೆಲೂ ಎಂಬಲ್ಲಿ 1956ರ ಕಾಲದ, 25 ಮೀಟರಿನ ರೇಡಿಯೋ ದೂರದರ್ಶಕವೊಂದಿದೆ. ಈಗ ಅದನ್ನು ನಡೆಸುವವರು ಹವ್ಯಾಸಿಗಳು. ವಿಕ್ರಮ್ ಏನು ಹೇಳುತ್ತಿದೆ ಎಂಬುದನ್ನು ಬಿಡಿಸುವ ಕೀಲಿ ಅವರಲ್ಲಿರಲಿಲ್ಲ. ಸ್ವರ ಮಾತ್ರ ಸಿಕ್ಕಿತು. ಆ ಸ್ವರದ ಗೆರೆ ಮೆಲ್ಲಗೆ ಬಾಗುತ್ತ ಬಂದು, ಒಂದೆಡೆ ಅಡ್ಡಾದಿಡ್ಡಿಯಾಗಿ, ತಟ್ಟನೆ ನಿಂತಿತು. ಒಂದು ಅಕ್ಷರ ತಿಳಿಯದೆಯೂ ಅವರು ವಿಕ್ರಮನ ಕೊನೆಯ ನಿಮಿಷಗಳನ್ನು ಓದಿದ್ದರು.

ಮರುದಿನದಿಂದ ಎರಡು ವಾರ ಬ್ಯಾಲಾಳಿನಿಂದ ವಿಕ್ರಮನನ್ನು ಕರೆದದ್ದೇ ಕರೆದದ್ದು. ನಾಸಾದ ದೊಡ್ಡ ಡಿಶ್ಶುಗಳೂ ಕರೆದವು. ಚಂದ್ರನ ಹಗಲು ಮುಗಿಯಿತು, ಉತ್ತರ ಬರಲಿಲ್ಲ. ಸಿಕ್ಕಷ್ಟು ಅಂಕಿಗಳನ್ನು ಬಿಡಿಸಿ ನೋಡಿದಾಗ ಇಳಿಕೆಯ ಎರಡನೇ ಹಂತದಲ್ಲಿ ವೇಗ ನಿರೀಕ್ಷೆಗಿಂತ ಹೆಚ್ಚು ಕುಗ್ಗಿದ್ದು ಗೊತ್ತಾಯಿತು. ಆ ಪಾಠ ಹಿಡಿದೇ ಚಂದ್ರಯಾನ-3ರ ಲ್ಯಾಂಡರಿಗೆ ಗಟ್ಟಿ ಕಾಲು, ಹೆಚ್ಚು ಇಂಧನ, ಇಳಿಯಲು ಹೆಚ್ಚು ವಿಶಾಲವಾದ ಜಾಗ ಕೊಟ್ಟರು.

ಇನ್ನು ನಿಗೂಢ ಸಂಕೇತಗಳ ಮಾತು. 1967ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿನಿ ಜೋಸೆಲಿನ್ ಬೆಲ್ ಅವರ ಕಾಗದದ ಸುರುಳಿಯಲ್ಲಿ 1.337 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ಸಂಕೇತ ಕಂಡಿತು. ತಮಾಷೆಗೆ ‘ಹಸಿರು ಕುಳ್ಳರು’ ಎಂದು ಹೆಸರಿಟ್ಟರು. ಅದು ಗಿರಗಿರನೆ ತಿರುಗುವ ಸತ್ತ ನಕ್ಷತ್ರ, ಪಲ್ಸರ್. 1977ರ ಆಗಸ್ಟ್ 15ರಂದು ಅಮೆರಿಕದ ಒಹಾಯೋದಲ್ಲಿ 72 ಸೆಕೆಂಡು ಕೇಳಿಬಂದ ಇನ್ನೊಂದು ಸಂಕೇತದ ಪಕ್ಕದಲ್ಲಿ ಜೆರ್ರಿ ಎಹ್ಮನ್ ‘ವಾವ್!’ ಎಂದು ಬರೆದರು. ಅದು ಮತ್ತೆ ಕೇಳಿಬಂದಿಲ್ಲ.

ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕಕ್ಕೆ 1998ರಿಂದ ಆಗಾಗ ವಿಚಿತ್ರ ಸಂಕೇತಗಳು ಸಿಗುತ್ತಿದ್ದವು. 2015ರಲ್ಲಿ ಅವುಗಳ ಮೂಲ ಸಿಕ್ಕಿತು: ಅಡುಗೆಕೋಣೆಯ ಮೈಕ್ರೋವೇವ್ ಒಲೆ. ಊಟ ಬಿಸಿಯಾಗುವ ಮುಂಚೆಯೇ ಯಾರೋ ಬಾಗಿಲು ತೆಗೆದರೆ ಹೊರಗೆ ಚಿಮ್ಮುವ ಅಲೆ ಅದು. ಹದಿನೇಳು ವರ್ಷ ಆಕಾಶದಲ್ಲಿ ಹುಡುಕಿದ್ದು ಅಡುಗೆಮನೆಯಲ್ಲಿ ಸಿಕ್ಕಿತು. ಇದನ್ನು ಪತ್ತೆ ಮಾಡಿದವರ ಪ್ರಾಮಾಣಿಕತೆ ನನಗೆ ತುಂಬ ಇಷ್ಟ.

ಈಗ ಹೇಳಹೊರಟಿರುವ ಕತೆಗೆ ಸ್ವಲ್ಪ ಹೆಚ್ಚು ಜಾಗ ಬೇಕು, ಯಾಕೆಂದರೆ ಅದರಲ್ಲಿ ನಮ್ಮ ಕನ್ನಡವೂ ಇದೆ. 1977ರಲ್ಲಿ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಒಂದೊಂದು ತಟ್ಟೆಯಿದೆ. ಅದರಲ್ಲಿ 55 ಭಾಷೆಗಳ ನಮಸ್ಕಾರ. ಕನ್ನಡಿಗರ ಪರವಾಗಿ ಶುಭ ಕೋರುವ ದನಿಯೂ ಅಲ್ಲಿದೆ. ತುಳು ಇಲ್ಲ. ಇದ್ದಿದ್ದರೆ ನಮ್ಮ ಈ ಭಾಗಕ್ಕೆ ಎಷ್ಟು ಸಂತೋಷವಾಗುತ್ತಿತ್ತು!

ಆ ಕನ್ನಡ ನಮಸ್ಕಾರವನ್ನು ಹೊತ್ತ ವಾಯೇಜರ್-1, 2023ರ ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ತೊದಲತೊಡಗಿತು. ಸ್ವರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಒಂದು, ಸೊನ್ನೆಗಳ ಅದೇ ಸಾಲು ಮತ್ತೆ ಮತ್ತೆ. ನೌಕೆ ಆಗ ಸುಮಾರು 2,400 ಕೋಟಿ ಕಿಲೋಮೀಟರು ದೂರದಲ್ಲಿತ್ತು. ಇಲ್ಲಿಂದ ಹೊರಟ ಪ್ರಶ್ನೆ ಅಲ್ಲಿಗೆ ಮುಟ್ಟಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಮರಳಲು ಮತ್ತೆ ಅಷ್ಟೇ. ಯಂತ್ರ ಮುಟ್ಟಿ ನೋಡುವಂತಿಲ್ಲ. ಅದನ್ನು ಕಟ್ಟಿದವರಲ್ಲಿ ಎಷ್ಟೋ ಮಂದಿ ಬದುಕಿಲ್ಲ. ಎಂಜಿನಿಯರುಗಳು ದಶಕಗಳ ಹಿಂದಿನ ಹಳದಿ ಕಾಗದಗಳನ್ನು ತೆರೆದು ಕೂತರು.

2024ರ ಮಾರ್ಚ್ 1ರಂದು ಅವರು ನೌಕೆಯನ್ನು ಒಮ್ಮೆ ತಿವಿದು ನೋಡುವಂಥ ಆದೇಶ ಕಳಿಸಿದರು. 3ರಂದು ಬಂದ ಸಂಕೇತ ಬೇರೆಯಾಗಿತ್ತು. ತೊದಲೂ ಅಲ್ಲ, ಎಂದಿನ ರೂಪವೂ ಅಲ್ಲ. ಡಿಶ್ಶುಗಳ ಜಾಲದಲ್ಲಿ ದುಡಿಯುವ ಎಂಜಿನಿಯರೊಬ್ಬರು ಅದನ್ನು ಬಿಡಿಸಿದರು. ಅದು ನೌಕೆಯ ಒಂದು ಕಂಪ್ಯೂಟರಿನ ಇಡೀ ನೆನಪಿನ ಪ್ರತಿ! ಹಳೆಯ ಪ್ರತಿಯ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ತಾಳೆ ನೋಡಿದಾಗ ಶೇಕಡಾ 3ರಷ್ಟು ಜಾಗ ಕೆಟ್ಟಿದ್ದು ಕಂಡಿತು. ಕಾರಣ ಒಂದೇ ಒಂದು ಚಿಪ್ಪು. ಅಲ್ಲಿದ್ದ ಆದೇಶಗಳನ್ನು ತುಂಡು ಮಾಡಿ, ಖಾಲಿ ಇದ್ದ ಸಂದಿಗೊಂದಿಗಳಲ್ಲಿ ತುರುಕಿದರು. ಏಪ್ರಿಲ್ 18ಕ್ಕೆ ಹೊಸ ಆದೇಶ ಹೋಯಿತು. 20ರಂದು ವಾಯೇಜರ್ ಅರ್ಥವಾಗುವ ಮಾತಾಡಿತು.

ಎರಡು ಪ್ರತಿ ಪಕ್ಕ ಪಕ್ಕ ಇಟ್ಟು ತಪ್ಪು ಹಿಡಿಯುವ ಈ ವಿದ್ಯೆ ಶಿರ್ತಾಡಿಯವರಿಗೆ ದೂರದ್ದೇನಲ್ಲ. ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳಿಂದ ಕಾಪಾಡಿಕೊಂಡು ಬಂದ ಧವಳ, ಜಯಧವಳ, ಮಹಾಧವಳದ ತಾಳೆಗರಿಗಳನ್ನು ನೆನೆಯಿರಿ. ಭಾಷೆ ಪ್ರಾಕೃತ, ಸಂಸ್ಕೃತ. ಲಿಪಿ ಹಳಗನ್ನಡ. ಹುಳು ತಿಂದ ಗರಿ, ಮಾಸಿದ ಅಕ್ಷರ, ಪ್ರತಿಕಾರನ ಕೈತಪ್ಪು. ಒಂದರಲ್ಲಿ ಅಳಿದದ್ದನ್ನು ಇನ್ನೊಂದರಿಂದ ತುಂಬಿ ಪಾಠ ನಿಲ್ಲಿಸಬೇಕು. ಹೀಗೆ ಓದಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಳದ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ನೌಕೆಗಳು ಕಳಿಸುವ ಅಂಕಿಗಳಲ್ಲೂ ಹೀಗೆಯೇ ಹೆಚ್ಚಿನ ಗುರುತುಗಳನ್ನು ಬೇಕೆಂದೇ ಸೇರಿಸಿರುತ್ತಾರೆ. ದಾರಿಯಲ್ಲಿ ಕೆಲವು ಅಳಿದರೂ ಉಳಿದವು ಸತ್ಯ ಹೇಳುತ್ತವೆ.

ಮಂಗಳಯಾನ ಹೊರಟ ವಾರದಲ್ಲೇ ಎಡವಿತ್ತು, ಗೊತ್ತೇ? 2013ರ ನವೆಂಬರ್ 11ರ ಬೆಳಗಿನ ಜಾವ ನೌಕೆಯ ಕಕ್ಷೆಯ ದೂರದ ತುದಿಯನ್ನು ಒಂದು ಲಕ್ಷ ಕಿಲೋಮೀಟರಿಗೆ ಏರಿಸಬೇಕಿತ್ತು. ಏರಿದ್ದು 78,276ಕ್ಕೆ. ಸೆಕೆಂಡಿಗೆ 130 ಮೀಟರು ವೇಗ ಕೂಡಬೇಕಾದಲ್ಲಿ 35 ಮಾತ್ರ ಕೂಡಿತ್ತು. ಬಂದ ಅಂಕಿಗಳನ್ನು ಬಿಡಿಸಿದರೆ ಕಾರಣ ಇಷ್ಟೇ: ಇಂಧನದ ಕವಾಟಕ್ಕೆ ಎರಡು ಸುರುಳಿಗಳಿದ್ದವು, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಪರೀಕ್ಷೆಗಾಗಿ ಎರಡಕ್ಕೂ ಒಟ್ಟಿಗೆ ವಿದ್ಯುತ್ ಕೊಟ್ಟಾಗ ಹರಿವೇ ನಿಂತಿತು. ಮರುದಿನವೇ ಸರಿಪಡಿಸಿ 1,18,642 ಕಿಲೋಮೀಟರಿಗೆ ಏರಿಸಿದರು.

2014ರ ಸೆಪ್ಟೆಂಬರ್ 24ರಂದು ಮಂಗಳನ ಬಳಿ ಎಂಜಿನ್ ಹೊತ್ತಿಕೊಂಡ ಕೆಲವೇ ನಿಮಿಷಕ್ಕೆ ನೌಕೆ ಗ್ರಹದ ಮರೆಗೆ ಸರಿಯಿತು. ಅಲ್ಲಿಂದ ಇಲ್ಲಿಗೆ ಮಾತು ಬರಲು ಹನ್ನೆರಡೂವರೆ ನಿಮಿಷ ಬೇರೆ. ಬೆಂಗಳೂರಿನಲ್ಲಿ ಕೂತವರಿಗೆ ಮಾಡಲು ಏನೂ ಉಳಿದಿರಲಿಲ್ಲ, ಕಾಯುವುದೊಂದೇ. ಮರೆಯಿಂದ ಹೊರಬಂದ ನೌಕೆಯ ದನಿ ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ. ಸ್ವರ ಎಷ್ಟು ಜಾರಬೇಕಿತ್ತೋ ಅಷ್ಟೇ ಜಾರಿತ್ತು. ಮತ್ತೆ ನಮ್ಮ ಬಸ್ಸಿನ ಹಾರ್ನೇ!

ಈ ಕೆಲಸಕ್ಕೆಲ್ಲ ಅಡಿಪಾಯ ಹಾಕಿದವರು ನಮ್ಮ ಕರಾವಳಿಯವರು. ವಿಜ್ಞಾನಿ ಯು. ಆರ್. ರಾವ್ ಹುಟ್ಟಿದ್ದು 1932ರಲ್ಲಿ ಉಡುಪಿ ಬಳಿಯ ಅದಮಾರಿನಲ್ಲಿ. ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರ ಏಪ್ರಿಲ್ 19ರಂದು ಹಾರಿತು. ಬೆಂಗಳೂರಿನಲ್ಲಿ ಅದರ ಸಂಕೇತ ಹಿಡಿಯಲು ಜಾಗ ಸಾಲದೆ ಶೌಚಾಲಯವೊಂದನ್ನೇ ಸ್ವೀಕಾರ ಕೇಂದ್ರ ಮಾಡಿಕೊಂಡಿದ್ದರು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳು ನಿಂತವು. ಆದರೆ ಉಪಗ್ರಹ ಕಟ್ಟುವುದು ಹೇಗೆಂದು ಅಷ್ಟರಲ್ಲಿ ಕಲಿತಾಗಿತ್ತು.

ಆಮೇಲೂ ಎಡವಿದ್ದುಂಟು. ಉಪಗ್ರಹಗಳನ್ನು ನಡೆಸುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಶುರುವಾದ ವರ್ಷವೇ ಇನ್ಸಾಟ್-1ಎ ಉಪಗ್ರಹ ಕೈತಪ್ಪಿತು. ಮರುವರ್ಷ ಹಾರಿದ 1ಬಿ ಉಪಗ್ರಹದ ಸೌರಫಲಕವೂ ಮೊದಲು ಬಿಚ್ಚಿಕೊಳ್ಳಲಿಲ್ಲ. ಸೆಪ್ಟೆಂಬರಿನಲ್ಲಿ ಹೇಗೋ ಬಿಚ್ಚಿತು. ನಮ್ಮ ಹಳ್ಳಿಗಳಿಗೆ ದೂರದರ್ಶನ ಬರಲು ಆ ಫಲಕ ಬಿಚ್ಚಲೇಬೇಕಿತ್ತು.

ಚಂದ್ರಯಾನ-1ರ ಕೊನೆ ಹೇಗಾಯಿತು? 2009ರ ಆಗಸ್ಟ್ 29ರ ರಾತ್ರಿ ಒಂದೂವರೆಗೆ ಬ್ಯಾಲಾಳಿನ ಡಿಶ್ಶಿಗೆ ಅದರ ಸ್ವರ ನಿಂತಿತು, 312ನೇ ದಿನ. ಏಳು ವರ್ಷದ ನಂತರ, 2016ರ ಜುಲೈನಲ್ಲಿ, ನಾಸಾದವರು ಕ್ಯಾಲಿಫೋರ್ನಿಯಾದ 70 ಮೀಟರಿನ ಡಿಶ್ಶಿನಿಂದ ಚಂದ್ರನ ಉತ್ತರ ಧ್ರುವದ ಕಡೆಗೆ ರೇಡಿಯೋ ಅಲೆಗಳನ್ನು ಹಾಯಿಸಿದರು. ಪ್ರತಿಧ್ವನಿ ವೆಸ್ಟ್ ವರ್ಜೀನಿಯಾದ 100 ಮೀಟರಿನ ಡಿಶ್ಶಿಗೆ ಬಂತು. ನಾಲ್ಕು ಗಂಟೆಯಲ್ಲಿ ಎರಡು ಸಲ ಏನೋ ದಾಟಿಹೋಯಿತು. ಚಂದ್ರಯಾನ-1 ಸುತ್ತಬೇಕಾದ ಲೆಕ್ಕಕ್ಕೆ ಸರಿಯಾಗಿ! ಒಂದೂವರೆ ಮೀಟರಿನ ಪೆಟ್ಟಿಗೆ, ಸುಮಾರು 3,80,000 ಕಿಲೋಮೀಟರು ದೂರ. ಸತ್ತಿತೆಂದುಕೊಂಡ ಮಗು ಮನೆಯಂಗಳದಲ್ಲೇ ಸುತ್ತುತ್ತಿತ್ತು ಅನಿಸಿ ಸುದ್ದಿ ಓದಿದ ದಿನ ನನ್ನ ಕಣ್ಣು ಒದ್ದೆಯಾಗಿತ್ತು.

ಚಂದ್ರಯಾನ-3ರ ವಿಕ್ರಮ್ 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ನೆಲ ಮುಟ್ಟಿತು. ಸೆಪ್ಟೆಂಬರ್ 4ರಂದು ಮಲಗಿಸಿದರು. 22ರಂದು, ಚಂದ್ರನಲ್ಲಿ ಬೆಳಗಾದ ಮೇಲೆ, ಕರೆದರು. ಏಳಲಿಲ್ಲ. ಆದರೆ ಅದರ ಮೈಮೇಲೆ ಬರೀ 5 ಸೆಂಟಿಮೀಟರು ಅಗಲದ, ಎಂಟು ಪುಟ್ಟ ಪ್ರತಿಫಲಕಗಳ ಗುಬ್ಬಿಯೊಂದಿದೆ. ಕರೆಂಟು ಬೇಡ, ಬ್ಯಾಟರಿ ಬೇಡ. ಅದೇ ವರ್ಷದ ಡಿಸೆಂಬರ್ 12ರಂದು ಚಂದ್ರನನ್ನು ಸುತ್ತುವ ನಾಸಾ ನೌಕೆಯೊಂದು 100 ಕಿಲೋಮೀಟರು ದೂರದಿಂದ ವಿಕ್ರಮನ ಕಡೆ ಲೇಸರ್ ಮಿಂಚು ಕಳಿಸಿತು. ಬೆಳಕು ಆ ಗುಬ್ಬಿಗೆ ತಾಗಿ, ಬಂದ ದಾರಿಯಲ್ಲೇ ಮರಳಿ ನೌಕೆ ಸೇರಿತು.