ಬಿಟ್ ನುಡಿಸಿದ ಕೈ

ಕರಗದ ಸಂಭ್ರಮದ ರಸಮಂಜರಿಯಿರಲಿ, ಗಣಪತಿ ಕೂರಿಸಿದ ಬೀದಿಯ ವಾದ್ಯಗೋಷ್ಠಿಯಿರಲಿ, ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಆರ್ಕೆಸ್ಟ್ರಾ ಅಂದರೆ ಶಂಕರ್‌ನಾಗ್ ಚಿತ್ರದ ಹಾಡೊಂದು ಇರಲೇಬೇಕು. ಗಾಯಕನ ದನಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಹತ್ತಿರಕ್ಕೂ ಬರದಿದ್ದರೆ ಜನ ಸಹಿಸಿಕೊಳ್ಳುತ್ತಾರೆ, ಪಾಪ ನಮ್ಮೂರ ಹುಡುಗ ಅನ್ನುತ್ತಾರೆ. ಆದರೆ ಪಲ್ಲವಿ ಮುಗಿದು ಚರಣ ಶುರುವಾಗುವ ಮುನ್ನ ಬರುವ ವಾದ್ಯದ ತುಣುಕು, ವೇದಿಕೆಯವರ ಮಾತಿನಲ್ಲಿ ‘ಬಿಟ್’, ಒಂದು ಸ್ವರ ಆಚೀಚೆಯಾದರೂ ಕೇಳುವವರಿಗೆ ತಟ್ಟನೆ ಗೊತ್ತಾಗುತ್ತದೆ. ಹಾಡಿನ ಮಾತು ಅರ್ಧ ಮರೆತವರೂ ಬಿಟ್‌ ಅನ್ನು ಬಾಯಲ್ಲೇ ನುಡಿಸಿ ತೋರಿಸಬಲ್ಲರು. ಇಷ್ಟು ಜನರ ಬಾಯಲ್ಲಿ ಉಳಿದುಕೊಂಡದ್ದು ಒಂದು ಕಾಲದಲ್ಲಿ ಯಾರದೋ ಬೆರಳಿನಿಂದ ಹೊರಟದ್ದು. ಆ ಬೆರಳಿನವರನ್ನು ಸಿನಿಮಾ ಸಂಗೀತದ ಮಂದಿ ಸೆಷನ್ ವಾದಕರು ಎನ್ನುತ್ತಾರೆ. ಕರೆದ ದಿನ ಬಂದು, ಮುಂದಿಟ್ಟ ಹಾಳೆ ನೋಡಿ ನುಡಿಸಿ, ಆ ದಿನದ ಸಂಭಾವನೆ ಪಡೆದು ಹೋಗುವವರು. ಈ ಲೇಖನ ಆ ಕಸುಬಿನ ಪರಿಚಯ. ಅದರಲ್ಲೂ ಗಿಟಾರ್ ಹಿಡಿದವರ, ಅದರಲ್ಲೂ ಒಬ್ಬರ ಪರಿಚಯ.

ಆ ಒಬ್ಬರು ಆರ್. ಚಂದ್ರಶೇಖರ್. ಇಳಯರಾಜ ಅವರ ವಾದ್ಯವೃಂದದ ಗಿಟಾರ್ ವಾದಕರು, ಅದೇ ವೃಂದದ ಡ್ರಮ್ಸ್ ವಾದಕ ಪುರುಷೋತ್ತಮನ್ ಅವರ ಸಹೋದರ. 1982ರ ‘ಪಯಣಂಗಳ್ ಮುಡಿವದಿಲ್ಲೈ’ ತಮಿಳು ಚಿತ್ರದ ‘ಇಳೈಯ ನಿಲಾ’ ಹಾಡಿನ ಗಿಟಾರ್ ಅವರದು. ಗಿಟಾರ್ ಕೈಗೆತ್ತಿಕೊಂಡ ದಕ್ಷಿಣದ ಹುಡುಗರೆಲ್ಲ ಒಮ್ಮೆಯಾದರೂ ನುಡಿಸಲು ಹೆಣಗಾಡುವ ಮುನ್ನುಡಿ ಅದು. ಆ ಚಿತ್ರದ ನಾಯಕ ಮೋಹನ್ ನಮ್ಮವರೇ, 1977ರ ಕನ್ನಡದ ‘ಕೋಕಿಲ’ದಿಂದ ಚಿತ್ರರಂಗಕ್ಕೆ ಬಂದವರು. ಚಂದ್ರಶೇಖರ್ 2023ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ ಅವರನ್ನು ನೆನೆದವರು ಬಹುತೇಕ ಆ ಒಂದು ಹಾಡಿನ ಹೆಸರಿನಲ್ಲೇ ನೆನೆದರು. ನೆನಪಿನ ಬೆನ್ನಿಗೇ ಹಳೆಯ ವಾದವೂ ಎದ್ದಿತು. ಆ ನುಡಿತ ಅವರದೋ, ಸ್ವರ ಬರೆದುಕೊಟ್ಟ ಇಳಯರಾಜರದೋ? ಅವರ ಶೈಲಿ ಸ್ಪ್ಯಾನಿಷ್ ಗಿಟಾರಿನದೋ, ವೀಣೆಯದೋ? ಸೆಷನ್ ವಾದಕನಿಗೆ ಶೈಲಿ ಎಂಬುದೊಂದು ಇರುತ್ತದೆಯೋ? ಇರುತ್ತದೆ, ಮತ್ತು ಅದನ್ನು ಗುರುತಿಸುವ ಕಿವಿ ನಮ್ಮ ಊರುಗಳಲ್ಲಿ ಆಗಲೇ ಇದೆ ಎಂಬುದು ಇಲ್ಲಿನ ವಾದ.

ಮೊದಲ ಆಕ್ಷೇಪ ಸಣ್ಣದಲ್ಲ. ಇಳಯರಾಜ ಪ್ರತಿ ವಾದ್ಯದ ಪ್ರತಿ ಸ್ವರವನ್ನೂ ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದು ಕೈಗೆ ಕೊಡುವವರು. ಗಿಟಾರ್ ವಾದಕನಿಗೆ ಮನೋಧರ್ಮಕ್ಕೆ ಜಾಗವೇ ಇಲ್ಲ. ಹಾಗಿದ್ದಮೇಲೆ ಶೈಲಿ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಹೋದರೆ ಸಾಕು. ಜಕಾರ್ಡ್ ಮಗ್ಗದಲ್ಲಿ ಸೀರೆಯ ಚಿತ್ತಾರವೆಲ್ಲ ತೂತು ಹೊಡೆದ ಕಾರ್ಡಿನಲ್ಲಿ ಮೊದಲೇ ನಿಶ್ಚಯವಾಗಿರುತ್ತದೆ. ನೇಯುವವರು ಒಂದು ಎಲೆಯನ್ನೂ ಒಂದು ಹೂವನ್ನೂ ತಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಆದರೂ ಒಂದೇ ಕಾರ್ಡು ಹಾಕಿದ ಎರಡು ಮಗ್ಗದ ಸೀರೆಗಳನ್ನು ಹರವಿಟ್ಟರೆ ಬಲ್ಲವರು ಇದು ಇವರ ಮಗ್ಗದ್ದು, ಅದು ಅವರದ್ದು ಅನ್ನುತ್ತಾರೆ. ಹಾಸು ಎಷ್ಟು ಬಿಗಿ, ಹೊಕ್ಕು ಎಷ್ಟು ಒತ್ತು, ಎಳೆ ಕಡಿದಾಗ ಗಂಟು ಹಾಕಿದ ಬಗೆ ಯಾವುದು, ಇವು ಕಾರ್ಡಿನಲ್ಲಿ ಇರುವುದಿಲ್ಲ. ಗಮಕಿಗಳೂ ಹಾಗೆಯೇ. ಕುಮಾರವ್ಯಾಸನ ಒಂದು ಅಕ್ಷರವನ್ನೂ ಅವರು ಬದಲಿಸುವುದಿಲ್ಲ. ಆದರೆ ಇಬ್ಬರು ಗಮಕಿಗಳ ಬಾಯಲ್ಲಿ ಅದೇ ಷಟ್ಪದಿ ಒಂದೇ ಆಗಿ ಕೇಳುವುದಿಲ್ಲ. ಸ್ವರಲಿಪಿ ಸಾಮಾನ್ಯವಾಗಿ ಹೇಳುವುದು ಯಾವ ಸ್ವರ, ಎಷ್ಟು ಹೊತ್ತು, ಹೆಚ್ಚೆಂದರೆ ಗಟ್ಟಿಯಾಗಿಯೋ ಮೆಲ್ಲಗೋ ಎಂಬುದಷ್ಟೇ. ಉಗುರಿನಿಂದ ಮೀಟಬೇಕೋ ಬೆರಳ ತುದಿಯ ಮಾಂಸದಿಂದಲೋ, ತಂತಿಯ ನಡುವಿನಲ್ಲೋ ಕುದುರೆಯ ಹತ್ತಿರವೋ, ಮೀಟಿದ ಸ್ವರವನ್ನು ತಾನಾಗಿ ಸಾಯಲು ಬಿಡಬೇಕೋ ಅಂಗೈ ಇಟ್ಟು ನಿಲ್ಲಿಸಬೇಕೋ ಎಂಬುದನ್ನು ಕೈ ತೀರ್ಮಾನಿಸುತ್ತದೆ. ಪಿಟೀಲಿನ ಸ್ವರವನ್ನು ಕಮಾನು ಎಳೆದಷ್ಟು ಹೊತ್ತು ಬೆಳೆಸಬಹುದು. ಗಿಟಾರಿನ ಸ್ವರ ಹುಟ್ಟಿದ ಕ್ಷಣದಿಂದಲೇ ಆರತೊಡಗುತ್ತದೆ. ಆರುವ ಸ್ವರವನ್ನು ಏನು ಮಾಡುತ್ತಾನೆ ಎಂಬುದರಲ್ಲೇ ಗಿಟಾರಿಗನ ಗುರುತು.

ಇದು ಬರೀ ಊಹೆಯಲ್ಲ, ಹೋಲಿಸಿ ನೋಡಲು ಕಾಲವೇ ಅನುಕೂಲ ಮಾಡಿಕೊಟ್ಟಿದೆ. ‘ಇಳೈಯ ನಿಲಾ’ ಬಂದ ಮರುವರ್ಷವೇ, 1983ರ ‘ಕಲಾಕಾರ್’ ಹಿಂದಿ ಚಿತ್ರಕ್ಕೆ ಕಲ್ಯಾಣ್‌ಜಿ-ಆನಂದ್‌ಜಿ ಅದೇ ಧಾಟಿಯಲ್ಲಿ ‘ನೀಲೇ ನೀಲೇ ಅಂಬರ್ ಪರ್’ ಮಾಡಿದರು. ಹಾಡಿದವರು ಕಿಶೋರ್ ಕುಮಾರ್. ಧಾಟಿ ಒಂದೇ, ಗಿಟಾರ್ ಮುನ್ನುಡಿಯ ಬಗೆಯೂ ಒಂದೇ, ಕೈ ಮಾತ್ರ ಬೇರೆ. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಹಿಂದಿಯದು ಕೆಟ್ಟದ್ದೆಂದು ಯಾರೂ ಹೇಳಲಾರರು, ಅದಕ್ಕೂ ಅದರದೇ ಅಭಿಮಾನಿಗಳಿದ್ದಾರೆ. ಆದರೆ ಇಂಥ ಹೋಲಿಕೆಯಲ್ಲೇ ಚಂದ್ರಶೇಖರ್ ಏನು ಮಾಡಿದರೆಂಬುದು ಎದ್ದು ಕಾಣುತ್ತದೆ. ಅಷ್ಟು ವೇಗದಲ್ಲಿ ಸ್ವರಗಳು ಉದುರುತ್ತಿದ್ದರೂ ಎಲ್ಲಿಯೂ ಅವಸರವಿಲ್ಲ. ಪ್ರತಿ ಸ್ವರವೂ ತನ್ನ ಪಾಲಿನ ಹೊತ್ತು ಇದ್ದು ಹೋಗುತ್ತದೆ. ದನಿ ಬಂದ ಕೂಡಲೇ ಗಿಟಾರ್ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಡುತ್ತದೆ. ಸಂಯೋಜಕರು ಬರೆದಿದ್ದರಿಂದಲೇ ಹಾಗೆ ಸರಿಯಿತು ಎನ್ನಬಹುದು. ಎಲ್ಲಿ ಸರಿಯಬೇಕೆಂದು ಬರೆದವರು ಅವರು, ಒಪ್ಪೋಣ. ಸರಿದದ್ದು ಕಿವಿಗೆ ಕೊರತೆಯಾಗಿ ಅಲ್ಲ, ಮರ್ಯಾದೆಯಾಗಿ ಕೇಳಿಸುವಂತೆ ನುಡಿಸಿದವರು ಇವರು.

ಶೈಲಿ ಯಾವುದು ಎಂಬ ಚರ್ಚೆಯಲ್ಲಿ ಅಭಿಮಾನಿಗಳದು ಎರಡು ಪಂಗಡ. ಒಬ್ಬರು ಇದು ಶುದ್ಧ ಪಾಶ್ಚಾತ್ಯ ಶಾಸ್ತ್ರೀಯ ಗಿಟಾರ್ ಎನ್ನುತ್ತಾರೆ. ಇನ್ನೊಬ್ಬರಿಗೆ ಅದರಲ್ಲಿ ವೀಣೆಯ ನೆರಳು ಕಾಣುತ್ತದೆ. ವೀಣೆಯ ವಾದ ಪ್ರೀತಿಯಿಂದ ಹುಟ್ಟಿದ್ದು, ಆದರೆ ವಾದ್ಯದ ರಚನೆಯೇ ಅದಕ್ಕೆ ಅಡ್ಡ ಬರುತ್ತದೆ. ವೀಣೆಯಲ್ಲಿ ಮೇಣದ ಮೇಲೆ ಎತ್ತರಕ್ಕೆ ಕೂರಿಸಿದ ಮೆಟ್ಟಿಲುಗಳು, ತುಸು ಸಡಿಲವಾದ ತಂತಿ. ಒಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಎಳೆದು ಹಲವು ಸ್ವರಗಳವರೆಗೆ ಗಮಕ ಮಾಡಬಹುದು. ಗಿಟಾರಿನ ಮೆಟ್ಟಿಲು ತಗ್ಗು, ತಂತಿ ಬಿಗಿ. ಎಳೆದರೂ ಅಷ್ಟು ದೂರ ಹೋಗದು. ಹಾಗಂತ ಮೊದಲ ಪಂಗಡದವರ ಮಾತೂ ಪೂರ್ತಿ ನಿಲ್ಲುವುದಿಲ್ಲ. ಶಾಸ್ತ್ರೀಯ ಗಿಟಾರ್ ಒಬ್ಬಂಟಿ ವಾದ್ಯ, ಕಛೇರಿ ಪೂರ್ತಿ ತಾನೇ ನಡೆಸುವಂಥದ್ದು. ಇಲ್ಲಿ ಗಿಟಾರ್ ಮಾಡುವ ಕೆಲಸವೇ ಬೇರೆ. ಮೂರು-ನಾಲ್ಕು ಸ್ವರಗಳ ಗೊಂಚಲನ್ನು ಒಟ್ಟಿಗೆ ಬಾರಿಸದೆ ಬಿಡಿಬಿಡಿಯಾಗಿ ಮೀಟುತ್ತ ಹೋದಾಗ ಗಾಯಕನಿಗೆ ಶ್ರುತಿಯೂ ಸಿಗುತ್ತದೆ, ನಡೆಯೂ ಸಿಗುತ್ತದೆ. ತಂಬೂರಿ ಮತ್ತು ಮೃದಂಗ ಎರಡೂ ಮಾಡುವ ಕೆಲಸವನ್ನು ಆರು ತಂತಿ ಹೊರುತ್ತವೆ. ಆದ್ದರಿಂದ ಈ ಶೈಲಿಗೆ ಸರಿಯಾದ ಹೆಸರು ನಮ್ಮ ಕಛೇರಿಯ ಮಾತಿನಲ್ಲೇ ಇದೆ, ಪಕ್ಕವಾದ್ಯ. ಬೆರಳುಗಾರಿಕೆ ಸ್ಪೇನಿನದು, ನಡತೆ ಪಕ್ಕವಾದ್ಯದ್ದು. ಒಳ್ಳೆಯ ಪಕ್ಕವಾದ್ಯದವರನ್ನು ಹೊಗಳುವಾಗ ನಮ್ಮ ಹಿರಿಯ ರಸಿಕರು ಎಷ್ಟು ನುಡಿಸಿದರು ಎನ್ನುವುದಕ್ಕಿಂತ ಎಲ್ಲಿ ಬಿಟ್ಟರು ಎನ್ನುವುದನ್ನೇ ಎತ್ತಿ ಹೇಳುತ್ತಿದ್ದರು. ‘ಇಳೈಯ ನಿಲಾ’ವನ್ನೂ, ಇಳಯರಾಜರದೇ 1983ರ ಕನ್ನಡ ಚಿತ್ರ ‘ಪಲ್ಲವಿ ಅನುಪಲ್ಲವಿ’ಯ ‘ನಗುವ ನಯನ’ದ ಗಿಟಾರ್ ಹೆಣಿಗೆಯನ್ನೂ ಅದೇ ಕಿವಿಯಿಂದ ಕೇಳಬೇಕು.

ಮದ್ರಾಸಿನ ತಂಡ ನುಡಿಸಿದ್ದಕ್ಕೆ ಕನ್ನಡದವರು ಇಷ್ಟು ಮಮಕಾರ ಪಡುವುದೇಕೆ ಎಂದು ಕೇಳುವವರೂ ಇದ್ದಾರೆ. ಕನ್ನಡ ಸಿನಿಮಾ ದಶಕಗಳ ಕಾಲ ಮದ್ರಾಸಿನಲ್ಲೇ ಉಸಿರಾಡಿತು, ಹಾಡುಗಳು ಅಲ್ಲೇ ಹುಟ್ಟಿದವು. ಆ ಗಿಟಾರಿನ ಮೂಲವಂತೂ ನಮ್ಮ ಮನೆಯಂಗಳದ್ದೇ. ಧನರಾಜ್ ಮಾಸ್ಟರ್ ಅವರಲ್ಲಿ ಪಾಶ್ಚಾತ್ಯ ಸಂಗೀತ ಕಲಿತ ಇಳಯರಾಜ ಸ್ವತಂತ್ರ ಸಂಯೋಜಕರಾಗುವ ಮೊದಲು ನಮ್ಮ ಜಿ.ಕೆ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದರು, ಗಿಟಾರ್ ನುಡಿಸುತ್ತಿದ್ದರು. ಹಾಗೆ ದುಡಿದ ಚಿತ್ರಗಳಲ್ಲಿ ಬಹುಪಾಲು ಕನ್ನಡದವು. ‘ಜೇಡರ ಬಲೆ’, ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ಗಳ ವೆಂಕಟೇಶ್ ದೇಸಿ ಧಾಟಿಗೂ ಪಾಶ್ಚಾತ್ಯ ವಾದ್ಯಗಳಿಗೂ ಜಗಳವಿಲ್ಲದಂತೆ ಸಂಸಾರ ಹೂಡಿದವರು, 1978ರ ‘ಆಪರೇಷನ್ ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಅವರಿಂದ ಇಂಗ್ಲಿಷ್ ಹಾಡನ್ನೇ ಹಾಡಿಸಿದವರು. ಮುಂದೆ ದೇಶವೆಲ್ಲ ಕೊಂಡಾಡಿದ ಸಂಯೋಜಕ ಒಂದು ಕಾಲಕ್ಕೆ ಕನ್ನಡ ಹಾಡುಗಳ ಹಿಂದೆ ಕೂತ ಸೆಷನ್ ಗಿಟಾರಿಗ. 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ಗೆ ಸಂಗೀತ ಮಾಡಿದಾಗ ಅವರು ಬೇರೆ ಮನೆಗೆ ಬಂದಿರಲಿಲ್ಲ, ಹಳೆಯ ಮನೆಗೆ ಮರಳಿದ್ದರು. ಆ ಚಿತ್ರದ ‘ಜೊತೆಯಲಿ’ ಧಾಟಿ 1984ರಲ್ಲಿ ತಮಿಳಿನ ‘ನೂರಾವದು ನಾಳ್’ಗೂ 2007ರಲ್ಲಿ ಹಿಂದಿಯ ‘ಚೀನಿ ಕಮ್’ಗೂ ಹೋಯಿತು. ‘ಪಲ್ಲವಿ ಅನುಪಲ್ಲವಿ’ಯ ಎಳೆಯೊಂದು ಐಡಿಯಾ ಸೆಲ್ಯುಲರ್ ಜಾಹೀರಾತಿನ ಮೂಲಕ ದೇಶದ ಫೋನುಗಳಲ್ಲೆಲ್ಲ ಮೊಳಗಿತು. ಹೊರಟದ್ದೆಲ್ಲ ಕನ್ನಡ ಸಿನಿಮಾದಿಂದ.

ಕಸುಬಿನ ದಿನಚರಿಯನ್ನು ಎರಡು ಮಾತಿನಲ್ಲಿ ಹೇಳಬಹುದು, ಆದರೆ ಅದರ ಬಿಗುವನ್ನು ನೆನೆದರೆ ಇಂದಿಗೂ ಎದೆ ಡವಗುಟ್ಟುತ್ತದೆ. ಒಂದೊಂದು ವಾದ್ಯವನ್ನೂ ಬೇರೆಬೇರೆಯಾಗಿ ಮುದ್ರಿಸಿ ಆಮೇಲೆ ಜೋಡಿಸುವ ಸೌಲಭ್ಯ ಬರುವ ಮೊದಲು ಪಿಟೀಲು, ಕೊಳಲು, ತಬಲಾ, ಡ್ರಮ್ಸ್, ಗಿಟಾರ್, ಗಾಯಕ ಎಲ್ಲರೂ ಒಂದೇ ಸಲ ನುಡಿಸಿ ಹಾಡಿ ಮುಗಿಸಬೇಕಿತ್ತು. ನಾಲ್ಕನೇ ನಿಮಿಷದಲ್ಲಿ ಒಬ್ಬರ ಬೆರಳು ಜಾರಿದರೂ ಎಲ್ಲರೂ ಮೊದಲಿನಿಂದ. ಹಾಳೆ ಕೈಗೆ ಬರುವುದು ಅದೇ ಬೆಳಗ್ಗೆ. ಕಾಲ್‌ಶೀಟ್ ಲೆಕ್ಕದ ಸಂಭಾವನೆ, ಮರುದಿನ ಬೇರೆ ಭಾಷೆ, ಬೇರೆ ಚಿತ್ರ. ಹೀಗೆ ನುಡಿಸಿದವರ ಹೆಸರು ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಬರಲಿಲ್ಲ. ಚಿತ್ರ, ಸಾಹಿತ್ಯ, ಸಂಗೀತ, ಗಾಯಕರು, ಅಲ್ಲಿಗೆ ಮುಗಿಯಿತು. ಅಮೆರಿಕದಲ್ಲೂ ಇದೇ ಕತೆ. ಲಾಸ್ ಏಂಜಲೀಸಿನ ಟಾಮಿ ಟೆಡೆಸ್ಕೊ ಎಂಬ ಸೆಷನ್ ಗಿಟಾರಿಗ ಮತ್ತು ಅವನ ಜೊತೆಗಾರರು ನೂರಾರು ಜನಪ್ರಿಯ ಹಾಡುಗಳಿಗೆ ನುಡಿಸಿದ್ದರೆಂಬುದು ಸಾಮಾನ್ಯ ಕೇಳುಗರಿಗೆ ತಿಳಿಯಲು ಅವನ ಮಗನೇ ‘ದಿ ರೆಕಿಂಗ್ ಕ್ರೂ’ ಎಂಬ ಸಾಕ್ಷ್ಯಚಿತ್ರ ಮಾಡಬೇಕಾಯಿತು. ನಮ್ಮಲ್ಲಿ 1990ರ ದಶಕದಲ್ಲಿ ಎ.ಆರ್. ರೆಹಮಾನ್ ವಾದಕರ ಹೆಸರನ್ನು ಕ್ಯಾಸೆಟ್, ಸಿ.ಡಿಗಳ ಮೇಲೆ ಅಚ್ಚು ಹಾಕಿಸತೊಡಗಿದ್ದು ಸಣ್ಣ ಸಂಗತಿಯಲ್ಲ.

ದುಡ್ಡು ತೆಗೆದುಕೊಂಡು ನುಡಿಸಿದಮೇಲೆ ಹೆಸರಿನ ಹಂಗೇಕೆ ಎಂಬ ಪ್ರಶ್ನೆಗೆ ಕಾನೂನೇ ಉತ್ತರ ಹೇಳುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ತಂದ ತಿದ್ದುಪಡಿ ‘ಪ್ರದರ್ಶಕ’ ಎಂಬ ಪದದೊಳಗೆ ಸಂಗೀತಗಾರರನ್ನೂ ಸೇರಿಸಿತು. 2012ರ ತಿದ್ದುಪಡಿ ಪ್ರದರ್ಶಕರಿಗೆ ರಾಯಧನದ ದಾರಿ ತೆರೆಯಿತು. ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮಾತೂ ಇದೆ. ಚಲನಚಿತ್ರದಲ್ಲಿ ಒಬ್ಬರ ಪಾಲು ಪ್ರಾಸಂಗಿಕವಾಗಿದ್ದು, ಉದ್ಯಮದ ವಾಡಿಕೆಯಂತೆ ಅವರ ಹೆಸರನ್ನು ಶೀರ್ಷಿಕೆಯಲ್ಲಾಗಲಿ ಬೇರೆಲ್ಲಾಗಲಿ ಹಾಕುವುದಿಲ್ಲವಾದರೆ, ಅವರ ನುಡಿತವನ್ನು ವಿರೂಪಗೊಳಿಸುವುದರ ವಿರುದ್ಧದ ರಕ್ಷಣೆಯೊಂದನ್ನು ಬಿಟ್ಟು ಉಳಿದುದಕ್ಕೆ ಅವರು ಪ್ರದರ್ಶಕರೇ ಅಲ್ಲ. ಗಿಟಾರಿನ ಬಿಟ್ ಪ್ರಾಸಂಗಿಕ ಎಂದು ಹಾಡು ಬಲ್ಲ ಯಾರೂ ಒಪ್ಪಲಾರರು. ಆದರೆ ವಾಡಿಕೆಯಲ್ಲಿ ಹೆಸರಿಲ್ಲದವರು ಅದನ್ನು ತಾವೇ ವಾದಿಸಿ ಗೆಲ್ಲಬೇಕಾದ ಜಾಗಕ್ಕೆ ಬಂದು ನಿಲ್ಲುತ್ತಾರೆ. ಹೆಸರು ಹಾಕುವುದು ಸೌಜನ್ಯ ಮಾತ್ರ ಎಂದುಕೊಂಡವರು ಇದನ್ನು ನಿಧಾನವಾಗಿ ಓದಬೇಕು.

ಶಂಕರ್‌ನಾಗ್ 1990ರಲ್ಲಿ ಹೋದರು. ಜಿ.ಕೆ. ವೆಂಕಟೇಶ್, ‘ಗೀತಾ’ದ ಹಾಡು ಬರೆದ ಚಿ. ಉದಯಶಂಕರ್ ಇಬ್ಬರೂ 1993ರಲ್ಲಿ. ಪುರುಷೋತ್ತಮನ್ ಮತ್ತು ಎಸ್ಪಿಬಿ 2020ರಲ್ಲಿ, ಚಂದ್ರಶೇಖರ್ 2023ರಲ್ಲಿ. ನಮ್ಮ ಊರುಗಳ ರಸಮಂಜರಿಯೂ ತೆಳ್ಳಗಾಗುತ್ತಿದೆ. ಹಲವು ವೇದಿಕೆಗಳಲ್ಲಿ ಈಗ ಗಿಟಾರಿಗನ ಕುರ್ಚಿ ಇರುವುದಿಲ್ಲ. ಒಂದು ಕೀಬೋರ್ಡು, ಒಂದು ಪ್ಯಾಡು, ಇಲ್ಲವೇ ಪೆನ್‌ಡ್ರೈವಿನಲ್ಲಿ ತಂದ ಟ್ರ್ಯಾಕು. ಟ್ರ್ಯಾಕಿನಲ್ಲಿ ಬಿಟ್ ಎಂದೂ ತಪ್ಪುವುದಿಲ್ಲವಾದ್ದರಿಂದ, ತಪ್ಪಿತೇ ಎಂದು ಕಿವಿ ನಿಮಿರಿಸಿ ಕೇಳುವವರೂ ಕಡಿಮೆಯಾಗಿದ್ದಾರೆ. ಆದರೂ ಎಲ್ಲೋ ಒಂದು ಬೀದಿಯಲ್ಲಿ, ಬಾಡಿಗೆ ಗಿಟಾರ್ ಹೆಗಲಿಗೇರಿಸಿಕೊಂಡ ಹುಡುಗ ಕೂತು ಶ್ರುತಿ ಸರಿಮಾಡಿಕೊಳ್ಳುತ್ತಿರುತ್ತಾನೆ. ನಿರೂಪಕ ಮೈಕು ಹಿಡಿದು ಚಿತ್ರದ ಹೆಸರು ಹೇಳುತ್ತಾನೆ, ಹಾಡು ಬರೆದವರು, ಸಂಗೀತ ನೀಡಿದವರು, ಹಾಡಿದವರು ಎಲ್ಲರನ್ನೂ ನೆನೆಯುತ್ತಾನೆ, ಚಪ್ಪಾಳೆ ಬೀಳುತ್ತದೆ. ಆಮೇಲೆ ಗಿಟಾರ್ ಶುರುವಾಗುತ್ತದೆ.