ಗಾಜಿನ ಮೇಲಿನ ಶಾಸನ

ಹಾಸನ ಜಿಲ್ಲೆ ಶಾಸನಗಳ ತವರು. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ 5ನೆಯ ಸಂಪುಟ ಈ ಜಿಲ್ಲೆಯ ಕಲ್ಬರಹಗಳನ್ನು 1902ರಲ್ಲಿ ಒಂದೆಡೆ ಸೇರಿಸಿತು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಮನೆಗಳ ಅಟ್ಟವನ್ನು ತಡಕಿದರೆ, ಯಾರೂ ಲೆಕ್ಕಕ್ಕೆ ಹಿಡಿಯದ ಮತ್ತೊಂದು ಬಗೆಯ ಶಾಸನ ಕೈಗೆ ಸಿಕ್ಕೀತು. ಅದು ಗೋಲಿ ಸೋಡಾ ಸೀಸೆಯ ಮೈಮೇಲಿನ ಉಬ್ಬಕ್ಷರ.

ಹಸಿರು ಛಾಯೆಯ ದಪ್ಪ ಗಾಜು, ಹಿಸುಕಿದಂಥ ಕೊರಳು, ಅದರೊಳಗೆ ಸೆರೆಯಾದ ಗೋಲಿ. ಒಳಗಿನ ಅನಿಲದ ಒತ್ತಡವೇ ಗೋಲಿಯನ್ನು ಬಾಯಿಯ ರಬ್ಬರ್ ಬಳೆಗೆ ಒತ್ತಿ ಹಿಡಿದು ಮುಚ್ಚಳವಾಗಿಸುತ್ತದೆ. ಈ ಯುಕ್ತಿಗೆ 1872ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಹೈರಮ್ ಕಾಡ್. ಅಲ್ಲಿಂದ ಈ ಸೀಸೆ ಸಮುದ್ರ ದಾಟಿತು. ಜಪಾನಿನಲ್ಲಿ ‘ರಾಮುನೆ’ ಎಂಬ ಪಾನೀಯದ ಸೀಸೆಯಾಯಿತು, ನಮ್ಮಲ್ಲಿ ‘ಗೋಲಿ ಸೋಡಾ’ ಎನಿಸಿತು.

ಇಂಥ ಸೀಸೆಯೊಂದರ ಮೂಲವನ್ನು ಅರಿಯುವ ಬಗೆ ಹೇಗೆ? ಮೊದಲು ಅಕ್ಷರಗಳನ್ನು ಓದಬೇಕು. ಕಾಡನ ಹೆಸರಿದ್ದರೆ ಸೀಸೆ 1872ಕ್ಕಿಂತ ಹಿಂದಿನದಲ್ಲ. ಬಾರ್ನ್ಸ್ಲಿಯ ಡ್ಯಾನ್ ರೈಲೆಂಡ್ಸನ ಹೆಸರಿದ್ದರೆ, ಅವನ ತಂದೆ ಬೆನ್ 1881ರಲ್ಲಿ ತೀರಿಕೊಂಡ ಮೇಲಿನದು ಎಂದು ಊಹಿಸಬಹುದು. ಆ ಕಾಲದ ಪೇಟೆಂಟಿನ ಅವಧಿ 14 ವರ್ಷ. ಆದುದರಿಂದ 1886ರ ಬಳಿಕ ಇತರರೂ ಅದೇ ಆಕಾರವನ್ನು ನಿರಾತಂಕವಾಗಿ ತಯಾರಿಸಬಲ್ಲವರಾದರು. ಯಾರ ಹೆಸರೂ ಇಲ್ಲದ ಸೀಸೆಯ ಕಾಲನಿರ್ಣಯ ಅಷ್ಟು ಸುಲಭವಲ್ಲದಿರುವುದು ಈ ಕಾರಣದಿಂದಲೇ.

ಮುಂದಿನ ಹೆಜ್ಜೆ ಊರಿನ ದಾಖಲೆಗಳದು. ಪುರಸಭೆಯ ಕಡತ, ಹಳೆಯ ವ್ಯಾಪಾರ ಸೂಚಿ, 1897ರ ರೈಸರ ಗೆಜೆಟಿಯರು, ರೈಲಿನ ಇತಿಹಾಸ, ಇವೆಲ್ಲವೂ ಸಾಕ್ಷಿಗಳೇ. ಮೈಸೂರು–ಅರಸೀಕೆರೆ ಮಾರ್ಗ ಹೊಳೆನರಸೀಪುರ, ಹಾಸನಗಳ ಮೂಲಕ ಹಾಯ್ದಿದೆ. ಅರಕಲಗೂಡು ಆ ಹಾದಿಗೆ ಹೊರಗೆ ಉಳಿಯಿತು. ಚನ್ನರಾಯಪಟ್ಟಣಕ್ಕೆ ರೈಲು ಬಂದದ್ದು ಬಹಳ ತಡವಾಗಿ. ಆದಕಾರಣ ಈ ಎರಡು ಊರುಗಳ ಹಳೆಯ ಸೀಸೆ ದೂರದಿಂದ ಬಂದದ್ದಾದರೆ, ಕೊನೆಯ ಪಯಣವನ್ನು ಗಾಡಿಯಲ್ಲೋ ಲಾರಿಯಲ್ಲೋ ಮುಗಿಸಿರಬೇಕು.

ಒಂದು ಎಚ್ಚರಿಕೆ ಮಾತ್ರ ಅಗತ್ಯ. ಸೋಡಾ ಸೀಸೆ ಒಮ್ಮೆ ಕುಡಿದು ಎಸೆಯುವ ವಸ್ತುವಲ್ಲ. ತೊಳೆದು ಮತ್ತೆ ಮತ್ತೆ ತುಂಬುವಂಥದು. ಗಾಜು ಹುಟ್ಟಿದ ವರ್ಷ ಬೇರೆ, ಅದು ಊರಿಗೆ ಬಂದ ವರ್ಷ ಬೇರೆ. ಸಾಗಿಬಂದ ಕಲ್ಲನ್ನು ಕಂಡು ಊರಿನ ಹುಟ್ಟನ್ನೇ ನಿರ್ಣಯಿಸುವ ಆತುರ ಇಲ್ಲಿಯೂ ಸಲ್ಲದು.

ಕಲ್ಲಿನ ಶಾಸನಕ್ಕೆ ಕಾವಲುಂಟು, ಗಾಜಿನದಕ್ಕೆ ಇಲ್ಲ. ಗೋಲಿಯಾಸೆಗೆ ಮಕ್ಕಳು ಒಡೆದ ಸೀಸೆಗಳೆಷ್ಟೋ! ಉಳಿದವು ಗುಜರಿಯ ತಕ್ಕಡಿಗೆ ತೂಕವಾಗಿ ಹೋಗುತ್ತಿವೆ. ಮನೆ ಕೆಡವುವ ಮುನ್ನ, ಅಟ್ಟ ಗುಡಿಸುವ ಮುನ್ನ, ಸೀಸೆಯ ಧೂಳೊರೆಸಿ ಬೆಳಕಿಗೆ ಹಿಡಿದು ಅದರ ಅಕ್ಷರಗಳನ್ನು ಒಂದು ಹಾಳೆಯ ಮೇಲೆ ಬರೆದಿಟ್ಟುಕೊಂಡರೆ, ಸಿಕ್ಕಿದ ಮನೆಯ, ಬೀದಿಯ ಹೆಸರನ್ನೂ ಜೊತೆಗೆ ಸೇರಿಸಿದರೆ, ಒಂದು ಊರಿನ ಬಾಯಾರಿಕೆಯ ಚರಿತ್ರೆಗೆ ಒಂದು ಸಾಲು ಉಳಿಯುತ್ತದೆ.