ಉಳಿಸುವುದೋ, ಅಳಿಸುವುದೋ?

ಕನ್ನಡದಲ್ಲಿ ‘ಉಳಿಸು’, ‘ಅಳಿಸು’ ಎಂಬೆರಡು ಕ್ರಿಯಾಪದಗಳ ನಡುವೆ ಇರುವುದು ಒಂದೇ ಸ್ವರದ ಅಂತರ. ಗಣಕಯಂತ್ರದಲ್ಲಿ ಬರೆಯುವವರಿಗೆ ಅದು ಒಂದೇ ಕೀಲಿಯ ಅಂತರ. ಆದ್ದರಿಂದಲೇ ಬರಹವನ್ನು ಅಳಿಸುವ ಮುನ್ನ ‘ಖಚಿತವೇ?’ ಎಂದು ಕೇಳುವ ಪದ್ಧತಿಯನ್ನು ತಂತ್ರಾಂಶ ರಚನಕಾರರು ಬಹು ಹಿಂದೆಯೇ ರೂಢಿಗೆ ತಂದರು. ಆದರೆ ಈ ಪ್ರಶ್ನೆ ನಮ್ಮನ್ನು ನಿಜಕ್ಕೂ ಕಾಪಾಡುತ್ತಿದೆಯೇ ಎಂಬುದು ವಿಚಾರಾರ್ಹ.

ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸ್‌ಗಾಗಿ ರಚಿಸಿದ ‘ಎಡ್’ ಎಂಬ ಪಠ್ಯ ಸಂಪಾದಕ ತಂತ್ರಾಂಶ ಮಿತಭಾಷಿ. ಇಂದು ಬಳಕೆಯಲ್ಲಿರುವ ಅದರ ರೂಪದಲ್ಲಿ, ಉಳಿಸದ ಬರಹವನ್ನು ಬಿಟ್ಟು ಹೊರಡಲು ಆದೇಶಿಸಿದರೆ ತೆರೆಯ ಮೇಲೆ ಬರಿಯ ಪ್ರಶ್ನಾರ್ಥಕ ಚಿಹ್ನೆ ಮೂಡುತ್ತದೆ. ಅದೇ ಆದೇಶವನ್ನು ಮತ್ತೊಮ್ಮೆ ಕೊಟ್ಟರೆ ಬರಹ ಹೋದಂತೆಯೇ. ಅನಂತರ ಬಂದ ‘ವಿಐ’ ಹೊರಡಲು ನಿರಾಕರಿಸುತ್ತದೆ. ಆದೇಶಕ್ಕೆ ಉದ್ಗಾರ ಚಿಹ್ನೆ ಸೇರಿಸಿದರಷ್ಟೇ ಒಪ್ಪುತ್ತದೆ. ‘ಈಮ್ಯಾಕ್ಸ್’ ಬಹುಕಾಲ ಒಪ್ಪಿಗೆಯ ಪದವನ್ನು ಪೂರ್ತಿಯಾಗಿ ಬರೆಯಿಸಿಕೊಳ್ಳುತ್ತಿತ್ತು. ಕೈ ತಡವರಿಸಿದಷ್ಟೂ ಮನಸ್ಸು ಎಚ್ಚರಗೊಳ್ಳುತ್ತದೆ ಎಂಬುದು ಇವೆಲ್ಲದರ ಹಿಂದಿನ ತರ್ಕ.

ಆದರೆ ಎಚ್ಚರಿಕೆಗೂ ಅರ್ಥಶಾಸ್ತ್ರದ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮ ಅನ್ವಯಿಸುತ್ತದೆ. ಮೊದಲ ಬಾರಿ ಕೇಳಿದ ಪ್ರಶ್ನೆಗಿರುವ ಬೆಲೆ ನೂರನೆಯದಕ್ಕಿಲ್ಲ. ಆ ಹೊತ್ತಿಗೆ ಉತ್ತರ ಬುದ್ಧಿಯಿಂದಲ್ಲ, ಬೆರಳಿನಿಂದ ಬರುತ್ತದೆ. ಮ್ಯಾಕಿಂತೋಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ವಾದಿಸಿದರು: ದೃಢೀಕರಣದ ಪ್ರಶ್ನೆ ಅಭ್ಯಾಸದೊಳಗೆ ಕರಗಿಹೋಗುತ್ತದೆ, ಮಾಡಿದ್ದನ್ನು ಹಿಂದೆಗೆದುಕೊಳ್ಳುವ ಸೌಲಭ್ಯವೇ ನಿಜವಾದ ರಕ್ಷಣೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ‘ನುಡಿ’ ಅಥವಾ ‘ಬರಹ’ದ ನೆರವಿನಿಂದ ಕನ್ನಡದಲ್ಲಿ ಕಡತ ಸಿದ್ಧಪಡಿಸುವ ಗುಮಾಸ್ತರಿಗೂ ಈ ಪ್ರಶ್ನೆ ಹೆಚ್ಚಾಗಿ ಇಂಗ್ಲಿಷಿನಲ್ಲೇ ಎದುರಾಗುತ್ತದೆ. ‘ಕ್ಯಾನ್ಸಲ್’ ಎಂದರೆ ರದ್ದಾಗುವುದು ಪ್ರಶ್ನೆಯೋ, ಬರಹವೋ? ಕನ್ನಡಿಸಿದ ಮಾತ್ರಕ್ಕೂ ತೊಡಕು ತೀರದು. ‘ಉಳಿಸಬೇಕೇ?’ ಎಂಬುದಕ್ಕೆ ‘ಹೌದು’ ಎಂದರೆ ಬರಹ ಬದುಕುತ್ತದೆ, ‘ಅಳಿಸಬೇಕೇ?’ ಎಂಬುದಕ್ಕೆ ಅದೇ ‘ಹೌದು’ ಬರಹವನ್ನು ಕೊಲ್ಲುತ್ತದೆ. ಗುಂಡಿಯ ಮೇಲೆ ‘ಹೌದು’, ‘ಇಲ್ಲ’ ಎಂಬುದರ ಬದಲು ‘ಅಳಿಸು’, ‘ಹಾಗೇ ಇರಲಿ’ ಎಂದು ಬರೆದರೆ, ಯಾವ ಕಡತ ಎಂಬುದನ್ನೂ ಹೆಸರಿಸಿದರೆ, ಅರ್ಧ ಅನಾಹುತ ತಪ್ಪೀತು.

ಬರಹ ಬರೆದವನದೇ ಆಗಿದ್ದರೆ ನಷ್ಟವೂ ಅವನದೇ. ಸಾರ್ವಜನಿಕ ದಾಖಲೆಗಳಲ್ಲಿ ಹಾಗಲ್ಲ. ಅಲ್ಲಿ ಕೀಲಿ ಒತ್ತುವವನೊಬ್ಬ, ಕಳೆದುಕೊಳ್ಳುವವನು ಇನ್ನೊಬ್ಬ. ಬಂಟ್ವಾಳದ ಅಡಿಕೆ ಕೃಷಿಕನ ಪಹಣಿಯಲ್ಲಿ ಒಂದು ಹೆಸರು ಬದಲಾದರೆ ಬ್ಯಾಂಕ್ ಸಾಲದಿಂದ ಮಕ್ಕಳ ಪಾಲಿನವರೆಗೆ ಎಲ್ಲವೂ ಅಲುಗುತ್ತದೆ. ‘ಭೂಮಿ’ ಯೋಜನೆ 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದಾಗ ಸಿಬ್ಬಂದಿಯ ಬೆರಳಚ್ಚನ್ನು ಕಡ್ಡಾಯಗೊಳಿಸಿತು. ಒತ್ತಿದವರು ಯಾರೆಂಬುದು ಇದರಿಂದ ತಿಳಿಯುತ್ತದೆ. ಒತ್ತಿದ್ದು ಸರಿಯೇ ಎಂಬುದು ತಿಳಿಯದು.

ಆ ಪ್ರಶ್ನೆಗೆ ಉತ್ತರವನ್ನು ಗಣಕೀಕರಣಕ್ಕಿಂತ ಹಳೆಯದಾದ ಕರ್ನಾಟಕ ಭೂಕಂದಾಯ ಅಧಿನಿಯಮ, 1964 ಕಂಡುಕೊಂಡಿತ್ತು. ಅದರ 129ನೇ ಕಲಮಿನಂತೆ ಹಕ್ಕು ಬದಲಾವಣೆಯ ನಮೂದನ್ನು ಚಾವಡಿಯಲ್ಲಿ ಪ್ರಚುರಪಡಿಸಬೇಕು; ಹಿತಾಸಕ್ತಿ ಉಳ್ಳವರಿಗೆ ಲಿಖಿತವಾಗಿ ತಿಳಿಸಬೇಕು; ಆಕ್ಷೇಪಣೆ ಬಂದರೆ ವಿಚಾರಿಸಬೇಕು. ಅಂದರೆ ಕಾನೂನು ‘ಖಚಿತವೇ?’ ಎಂದು ಕೇಳುವುದು ಬರೆಯುವ ಗುಮಾಸ್ತನನ್ನಲ್ಲ, ಬಾಧಿತನಾಗಬಹುದಾದ ರೈತನನ್ನು. ಅಭ್ಯಾಸಬಲದಿಂದ ‘ಹೌದು’ ಎನ್ನುವ ಪ್ರಮಾದ ಅವನಿಂದ ಸುಲಭವಾಗಿ ಆಗದು, ಏಕೆಂದರೆ ಅವನ ಪಾಲಿಗೆ ಅದು ನಿತ್ಯದ ಪ್ರಶ್ನೆಯಲ್ಲ.

ನೋಟಿಸಿನ ಅವಧಿಯನ್ನು ಬರಿಯ ವಿಳಂಬವೆಂದು ಬಗೆದು ಕತ್ತರಿಸಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ತ್ವರಿತ ಸೇವೆ ಬೇಕು, ನಿಜ. ಆದರೆ ಸಣ್ಣಪುಟ್ಟ ಕೆಲಸಗಳಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ, ಹಿಂದೆಗೆದುಕೊಳ್ಳುವ ದಾರಿಯನ್ನು ತೆರೆದಿಡುವುದು ವಿವೇಕ. ಹಿಂದಿರುಗಲಾಗದ ಕೆಲಸದಲ್ಲಿ, ಕಳೆದುಕೊಳ್ಳುವವನನ್ನೇ ಕೇಳಿ ಉತ್ತರಕ್ಕೆ ಕಾಯುವುದು ನ್ಯಾಯ.